ಏಳು ಪೋರ್ಟಿನ ಹಬ್ಬೂ, ಬಜ್ಪೆಯಲ್ಲಿ ಇಳಿಯದ ವಿಮಾನವೂ

ಮುನ್ನೂರೈವತ್ತು ರೂಪಾಯಿಯ ಒಂದು ಪ್ಲಾಸ್ಟಿಕ್ ಡಬ್ಬಿಯ ಬಗ್ಗೆ ಇಷ್ಟುದ್ದ ಬರೆಯಬೇಕಾ ಅಂತ ನನ್ನವಳು ಕೇಳಿದಳು. ಬರೆಯಬೇಕು ಮಾರಾಯ್ರೆ. ವಿಮಾನ ಹಾರಿಸುವ ಹುಚ್ಚಿಗೆ ಸ್ಟೀರಿಂಗು, ಪೆಡಲ್ಲು, ಸ್ವಿಚ್ಚಿನ ಪೆಟ್ಟಿಗೆ ಅಂತ ಅರವತ್ತು ಸಾವಿರ ಸುರಿದು, ಅವನ್ನೆಲ್ಲ ಕಂಪ್ಯೂಟರಿಗೆ ಸೇರಿಸುವ ಯುಎಸ್‌ಬಿ ಹಬ್ ಅನ್ನು ಮಾತ್ರ ಫುಟ್‌ಪಾತಿನಿಂದ ತರುವವರು ನಾನೊಬ್ಬನೇ ಅಲ್ಲ ಅಂತ ಗೊತ್ತಾಗಿದೆ. ಮದುವೆಗೆ ಲಕ್ಷ ಖರ್ಚು ಮಾಡಿ ಊಟಕ್ಕೆ ಉಪ್ಪು ತರಲು ಜಿಪುಣತನ ಮಾಡಿದ ಹಾಗೆ.

ಮೊದಲು ಹಳೇ ಕಥೆ ಒಂದು ಹೇಳಿಬಿಡ್ತೇನೆ, ಮುಂದೆ ಬೇಕಾಗ್ತದೆ. ನಾನು ಮುಂಬಯಿಗೆ ಬಂದದ್ದು 1984ರಲ್ಲಿ, ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು. ಕೊಂಕಣ ರೈಲು ಪೂರ್ತಿಯಾಗಿ ಓಡಲು ಇನ್ನೂ ಹದಿನಾಲ್ಕು ವರ್ಷ ಇತ್ತು. ಸಾಂತಾಕ್ರೂಜಿನ ಒಂದು ಚಾಳಿನಲ್ಲಿ ಏಳು ಜನ, ಒಂದು ಖೋಲಿ, ಖೋಲಿಗೆ ಒಂದೇ ಪ್ಲಗ್ ಪಾಯಿಂಟು. ಅದಕ್ಕೊಂದು ಮೂರು ಬಾಯಿಯ ಪ್ಲಗ್ಗು, ಅದರ ಮೇಲೆ ಇನ್ನೊಂದು. ರೇಡಿಯೋ, ಟೇಬಲ್ ಫ್ಯಾನು, ಹೋಟೆಲಿನಲ್ಲಿ ಕೆಲಸಕ್ಕಿದ್ದವನ ಇಸ್ತ್ರಿ ಪೆಟ್ಟಿಗೆ, ಎಲ್ಲ ಅದರಿಂದಲೇ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಯಾವನೋ ಒಬ್ಬ ಚಳಿಗೆ ನೀರು ಕಾಯಿಸಲು ಕಾಯಿಲ್ ಹಾಕಿದ ಕೂಡಲೇ ಇಡೀ ಮಾಳಿಗೆ ಕತ್ತಲೆ. ಆಗ ನಮ್ಮ ವಾದ ಏನು ಗೊತ್ತಾ? “ಪ್ಲಗ್ಗಿಗೆ ಇನ್ನೂ ಎರಡು ಬಾಯಿ ಖಾಲಿ ಇತ್ತಲ್ಲ!” ಬಾಯಿ ಎಷ್ಟಿದೆ ಅನ್ನುವುದಲ್ಲ, ಹಿಂದಿನಿಂದ ಬರುವುದು ಎಷ್ಟು ಅನ್ನುವುದು ಪ್ರಶ್ನೆ ಅಂತ ಏಳು ಜನರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಈಗ ಅಮ್ಮನ ವಿಷಯ. ನಮ್ಮ ಮನೆ ಮೂಡುಬಿದಿರೆ ರಸ್ತೆಯ ಕಡೆ, ಬಜ್ಪೆಗೆ ಈಶಾನ್ಯದಲ್ಲಿ. ಆ ದಿಕ್ಕಿನಿಂದ ಇಳಿಯುವ ವಿಮಾನಗಳೆಲ್ಲ ನಮ್ಮ ತೋಟದ ಮೇಲೆಯೇ ಹೋಗುತ್ತವೆ. ಬಜ್ಪೆ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ಕ್ಕೆ, ನೆಹರೂ ಬಂದಿಳಿದ ದಿನ. ಅಮ್ಮನಿಗೆ ಆಗ ಹತ್ತು ವರ್ಷ. ನೋಡಲಿಕ್ಕೆ ಅಜ್ಜ ಅಣ್ಣಂದಿರನ್ನು ಮಾತ್ರ ಕರೆದುಕೊಂಡು ಹೋದರು, ತನ್ನನ್ನು ಬಿಟ್ಟು ಹೋದರು ಅಂತ ಇವತ್ತಿಗೂ ಸಿಟ್ಟಿದೆ. 2021ರಲ್ಲಿ ಮನೆಗೆ ಬೀಗ ಹಾಕಿ ಅಮ್ಮನನ್ನು ಡೊಂಬಿವಿಲಿಗೆ ಕರೆದುಕೊಂಡು ಬಂದೆ. ಮಂಡಿ ಪೂರ್ತಿ ಹೋಗಿದೆ, ರೈಲೂ ಆಗುವುದಿಲ್ಲ, ವಿಮಾನವೂ ಆಗುವುದಿಲ್ಲ. ತೋಟವನ್ನು ಪಕ್ಕದವರು ನೋಡಿಕೊಳ್ತಾರೆ.

ಮೈಕ್ರೋಸಾಫ್ಟಿನ ಫ್ಲೈಟ್ ಸಿಮ್ಯುಲೇಟರ್ 2020ರ ಆಗಸ್ಟಿನಲ್ಲಿ ಬಂತಲ್ಲ, ಅದರಲ್ಲಿ ಭೂಮಿಯ ಮೇಲ್ಮೈಗೆ ಉಪಗ್ರಹದ ಚಿತ್ರ ಹೊದಿಸಿದ್ದಾರೆ. ನಮ್ಮಂಥ ಹಳ್ಳಿಯ ಮನೆಗಳ ಜಾಗದಲ್ಲಿ ಅದು ತನಗೆ ತೋಚಿದ ಯಾವುದೋ ಕಟ್ಟಡ ನಿಲ್ಲಿಸಿಬಿಡುತ್ತದೆ. ಆದರೆ ಗುಡ್ಡ, ಹೊಳೆ, ತೋಟದ ಹಸಿರು, ರಸ್ತೆಯ ತಿರುವು ಗುರುತು ಸಿಗುತ್ತವೆ. ನಾನು ರಾತ್ರಿ ಊಟವಾದ ಮೇಲೆ ಮುಂಬಯಿಯಿಂದ ಬಜ್ಪೆಗೆ ಹಾರಿಸುವುದು ರೂಢಿ. ನೇರ ಸುಮಾರು 715 ಕಿಲೋಮೀಟರ್. ಒಂದು ದಿನ ಅಮ್ಮ ಹಿಂದೆ ಬಂದು ನಿಂತು, “ಅದು ನಮ್ಮ ಗುಡ್ಡ ಅಲ್ವನಾ?” ಅಂದಳು. ಅವತ್ತಿನಿಂದ ಪ್ರತಿ ಭಾನುವಾರ ಅಮ್ಮನಿಗೊಂದು ಕುರ್ಚಿ.

ಹೀಗೆ 2023ರ ಒಂದು ಭಾನುವಾರ. ತೋಟ ದಾಟಿದೆವು. ಗಾಲಿ ಇಳಿಸಿದೆ, ಎದುರಿಗೆ 24ನೇ ರನ್‌ವೇಯ ದೀಪಗಳು. ಬಜ್ಪೆಯದು ಗುಡ್ಡದ ತಲೆ ಕಡಿದು ಮಾಡಿದ ಮೇಜಿನಂಥ ರನ್‌ವೇ, 2450 ಮೀಟರ್ ಉದ್ದ, ತುದಿಗಳಾಚೆ ಕಣಿವೆ. ಮುನ್ನೂರು ಅಡಿ ಎತ್ತರದಲ್ಲಿದ್ದಾಗ ಕಂಪ್ಯೂಟರ್ ‘ಡುಂಡುಕ್’ ಅಂತ ಸದ್ದು ಮಾಡಿತು. ಯುಎಸ್‌ಬಿ ಕಳಚಿದರೆ ಬರುವ ಸದ್ದು. ಯೋಕ್ ಸತ್ತಿತು. ಪೆಡಲ್ ಸತ್ತಿತು. ಥ್ರಾಟಲ್ ಎಳೆದರೆ ಎಂಜಿನ್ ಕೇಳುವುದಿಲ್ಲ. ಎರಡು ಕ್ಷಣ ಬಿಟ್ಟು ಎಲ್ಲ ಒಟ್ಟಿಗೆ ವಾಪಸ್ ಬಂದವು, ಪುನಃ ಹೋದವು. ವಿಮಾನ ರನ್‌ವೇಯ ಮೇಲಿಂದ ತೇಲುತ್ತಾ ಹೋಗಿ ಆಚೆಯ ಕಣಿವೆಗೆ ಬಿತ್ತು.

ಅಮ್ಮ ಏನೂ ಮಾತಾಡಲಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಇದೇ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿದ್ದು 158 ಜನ ಹೋದರು, ಉಳಿದವರು ಎಂಟು ಜನ. ಆ ಬೆಳಿಗ್ಗೆ ಆರು ಗಂಟೆಯ ಹೊತ್ತಿಗೆ ಅಮ್ಮ ಅಂಗಳ ಗುಡಿಸುತ್ತಿದ್ದಳು. ವಿಮಾನ ತಲೆಯ ಮೇಲಿಂದ ಹೋದ ಸದ್ದು ಕೇಳಿದ್ದಳು. ದಿನಾ ಕೇಳುವ ಸದ್ದೇ. ಇದು ನನಗೆ ನೆನಪಿರಬೇಕಿತ್ತು. “ಬಂದ್ ಮಾಡು” ಅಂತ ಹೇಳಿ ಎದ್ದು ಹೋದಳು. ಆಮೇಲೆ ಎರಡು ತಿಂಗಳು ಆ ಕುರ್ಚಿಯಲ್ಲಿ ಕೂರಲಿಲ್ಲ.

ತಪ್ಪು ಯಾರದ್ದು ಅಂತ ಹುಡುಕುತ್ತಾ ಹೋದರೆ ಸಿಕ್ಕಿದ್ದು ನನ್ನವಳ ಮೊಬೈಲು. ಹಬ್ಬಿನಲ್ಲಿ ಒಂದು ಬಾಯಿ ಖಾಲಿ ಇತ್ತು, ಚಾರ್ಜಿಂಗಿಗೆ ಹಾಕಿದ್ದಾಳೆ. “ನಾನು ಫೋನ್ ಹಾಕಿದ್ದೇ ತಪ್ಪಾ? ಖಾಲಿ ಇತ್ತಲ್ಲ!” ನೋಡಿ, ಮೂವತ್ತೊಂಬತ್ತು ವರ್ಷದ ನಂತರ ಚಾಳಿನ ವಾದ ನನ್ನದೇ ಮನೆಯಲ್ಲಿ ತಿರುಗಿ ಬಂತು. ಅವಳದ್ದು ತಪ್ಪಲ್ಲ, ಖಂಡಿತ ಅಲ್ಲ. ಏಳು ಬಾಯಿ ತೆರೆದಿಟ್ಟು ನಾಲ್ಕಕ್ಕೆ ಮಾತ್ರ ಊಟ ಇಟ್ಟುಕೊಂಡಿದ್ದ ಆ ಹಬ್ಬಿನದು, ಅದನ್ನು ತಂದ ನನ್ನದು.

ಲೆಕ್ಕ ಸುಲಭ ಇದೆ. ಯುಎಸ್‌ಬಿ 2.0 ಪೋರ್ಟು ನಿಯಮದ ಪ್ರಕಾರ ಕೊಡಬೇಕಾದದ್ದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, ನೀಲಿ ನಾಲಗೆಯ ಯುಎಸ್‌ಬಿ 3.0 ಪೋರ್ಟಾದರೆ 900. ಅಡಾಪ್ಟರ್ ಇಲ್ಲದ ಹಬ್ ಈ ಒಂದೇ ಪೋರ್ಟಿನಿಂದ ಬಂದದ್ದನ್ನು ತಾನೂ ತಿಂದು ಉಳಿದವರಿಗೂ ಹಂಚಬೇಕು. ಯುಎಸ್‌ಬಿ 2.0ರ ನಿಯಮವನ್ನೇ ಓದಿದರೆ, ಅಡಾಪ್ಟರ್ ಇಲ್ಲದ ಹಬ್ಬಿಗೆ ಹೆಚ್ಚೆಂದರೆ ನಾಲ್ಕು ಬಾಯಿ, ಬಾಯಿಗೆ ನೂರು ಮಿಲಿಆಂಪಿಯರ್, ಹಬ್ಬಿನ ಸ್ವಂತಕ್ಕೆ ನೂರು. ಮುಗಿಯಿತು ಐನೂರು. ಹಾಗಿದ್ದ ಮೇಲೆ ಅಡಾಪ್ಟರ್ ಇಲ್ಲದ ಏಳು ಬಾಯಿಯ ಹಬ್ ಅನ್ನುವುದೇ ಒಂದು ಸುಳ್ಳು! ಜಾಯ್‌ಸ್ಟಿಕ್ಕು, ಪೆಡಲ್ಲು ಬಡಪಾಯಿಗಳು, ನೂರು ಕೇಳಿ ಅದಕ್ಕಿಂತ ಕಡಿಮೆಯೇ ತಿನ್ನುತ್ತವೆ. ಅದಕ್ಕೇ ಆ ಸುಳ್ಳು ತಿಂಗಳುಗಟ್ಟಲೆ ಬಯಲಾಗುವುದಿಲ್ಲ. ಅಂಕಿ ಬೆಳಗುವ ರೇಡಿಯೋ ಪ್ಯಾನಲ್ಲು, ದೀಪದ ಸ್ವಿಚ್ ಪ್ಯಾನಲ್ಲು ಸ್ವಲ್ಪ ಜಾಸ್ತಿ. ಫೋನು ಬಂದು ಐನೂರಕ್ಕೆ ಬಾಯಿ ಹಾಕಿದರೆ ವೋಲ್ಟೇಜು ಕುಸಿದು ಹಬ್ಬೇ ತಲೆತಿರುಗಿ ಬೀಳುತ್ತದೆ. ಹಬ್ ಬಿದ್ದರೆ ಅದಕ್ಕೆ ನೇತು ಬಿದ್ದವರೆಲ್ಲ ಬಿದ್ದ ಹಾಗೆ. ಮೇಲಿಂದ ನನ್ನ ಸೆಕೆಂಡ್ ಹ್ಯಾಂಡ್ ಯೋಕ್‌ನ ಹಿಂಬದಿಯಲ್ಲೇ ಒಂದು ಮೂರು ಬಾಯಿಯ ಹಬ್ ಇದೆ, ಅದಕ್ಕೆ ಎರಡು ಪ್ಯಾನಲ್ ಸಿಕ್ಕಿಸಿದ್ದೆ. ಹಬ್ಬಿನ ಮೇಲೆ ಹಬ್ಬು, ಪ್ಲಗ್ಗಿನ ಮೇಲೆ ಪ್ಲಗ್ಗು.

ನನ್ನ ಅಭಿಪ್ರಾಯ ಇಷ್ಟು: ಪೆಟ್ಟಿಗೆಯ ಮೇಲೆ ಪೋರ್ಟಿನ ಸಂಖ್ಯೆ ಎಷ್ಟು ದೊಡ್ಡದಾಗಿ ಹಾಕ್ತಾರೋ, ಅಷ್ಟೇ ದೊಡ್ಡದಾಗಿ ಆಂಪಿಯರನ್ನೂ ಹಾಕಬೇಕು. ಹಾಕದಿದ್ದರೆ ಕೊಳ್ಳಬಾರದು. ಲ್ಯಾಮಿಂಗ್ಟನ್ ರೋಡಿಗೆ ಹೋಗಿದ್ದೆ, ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು. ಹೆಸರು ಭಡಕಮಕರ್ ಮಾರ್ಗ ಅಂತ ಬದಲಾಗಿ ಎಷ್ಟು ಕಾಲವಾದರೂ ಯಾರೂ ಹಾಗೆ ಕರೆಯುವುದಿಲ್ಲ. ಅಂಗಡಿಯವ ಕೇಳಿದ, “ಕಿತನಾ ಪೋರ್ಟ್ ಚಾಹಿಯೇ ಅಂಕಲ್?” ನಾನು ಕೇಳಿದೆ, “ಕಿತನಾ ಆಂಪಿಯರ್ ದೇತಾ ಹೈ?” ಅವನು ನನ್ನನ್ನು ನೋಡಿದ ನೋಟ, ವಡಾಪಾವ್ ಗಾಡಿಯ ಮುಂದೆ ನಿಂತು ಎಣ್ಣೆಯ ಬ್ರಾಂಡು ಕೇಳಿದವನನ್ನು ನೋಡುವ ನೋಟ. ನಾಲ್ಕನೇ ಅಂಗಡಿಯಲ್ಲಿ ಒಬ್ಬ ಹುಡುಗ ಪೆಟ್ಟಿಗೆ ಒಡೆದು ಅಡಾಪ್ಟರನ್ನೇ ತೋರಿಸಿದ. ಅವನ ಹತ್ತಿರವೇ ತಗೊಂಡೆ.

ಅಡಾಪ್ಟರಿನ ಮೇಲೆ ಏನು ಓದಬೇಕು? 5 ವೋಲ್ಟ್ 4 ಆಂಪಿಯರ್ ಅಂತಿದ್ದರೆ ಏಳು ಬಾಯಿಗೂ ತಲಾ 500 ಮಿಲಿಆಂಪಿಯರ್ ಕೊಟ್ಟರೂ ಮೂರೂವರೆ, ಇನ್ನೂ ಅರ್ಧ ಉಳಿಯಿತು. 5 ವೋಲ್ಟ್ 2 ಆಂಪಿಯರ್ ಅಂತಿದ್ದರೆ ತಲಾ 285ರ ಹತ್ತಿರ. ಬರೀ ಜಾಯ್‌ಸ್ಟಿಕ್ ಪೆಡಲ್ಲಿಗೆ ಅದೂ ಧಾರಾಳ, ಫೋನು ಹತ್ತಿರ ಬರಬಾರದು ಅಷ್ಟೆ. ಕೆಲವು ಹಬ್ಬುಗಳಿಗೆ 12 ವೋಲ್ಟಿನ ಅಡಾಪ್ಟರ್ ಇರುತ್ತದೆ, ಒಳಗೆ 5ಕ್ಕೆ ಇಳಿಸಿಕೊಳ್ಳುತ್ತವೆ. ಅಲ್ಲಿ ಆಂಪಿಯರ್ ನೋಡಿ ಮೋಸ ಹೋಗಬೇಡಿ, ವೋಲ್ಟ್ ಆಂಪಿಯರ್ ಗುಣಿಸಿ ವ್ಯಾಟ್ ಹೋಲಿಸಿ. ಇನ್ನು ಕೆಲವಕ್ಕೆ ಅಡಾಪ್ಟರಿನ ತೂತು ಇರುತ್ತದೆ, ಪೆಟ್ಟಿಗೆಯಲ್ಲಿ ಅಡಾಪ್ಟರ್ ಇರುವುದಿಲ್ಲ! ಆಗ ನಮ್ಮವರು ಮಾಡುವುದೇನು? ಮನೆಯಲ್ಲಿ ಬಿದ್ದಿರುವ ಹಳೇ ರೂಟರಿನ ಅಡಾಪ್ಟರ್ ತಂದು ಚುಚ್ಚುವುದು. ಅದು 12 ವೋಲ್ಟಿನದಾಗಿದ್ದು ಹಬ್ 5ರದ್ದಾದರೆ ಹಬ್ಬಷ್ಟೇ ಅಲ್ಲ, ಅದಕ್ಕೆ ಸಿಕ್ಕಿಸಿದ ಅರವತ್ತು ಸಾವಿರವೂ ಸುಟ್ಟ ವಾಸನೆಯೊಂದಿಗೆ ಹೋಗಬಹುದು. ದಯವಿಟ್ಟು ಬೇಡ.

ಇನ್ನೊಂದು ಪರೀಕ್ಷೆ ಮನೆಗೆ ತಂದ ದಿನವೇ ಮಾಡಿ. ಕಂಪ್ಯೂಟರ್ ಪೂರ್ತಿ ಆರಿಸಿ, ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ, ಹಬ್ಬಿನ ಅಡಾಪ್ಟರ್ ಮಾತ್ರ ಚಾಲೂ ಇಡಿ. ಕಂಪ್ಯೂಟರಿನ ಒಳಗೆ ಏನಾದರೂ ದೀಪ ಮಿಣುಕಿದರೆ ಆ ಹಬ್ ಕರೆಂಟನ್ನು ಹಿಂದಕ್ಕೆ ತಳ್ಳುತ್ತಿದೆ ಅಂತ ಅರ್ಥ. ವಾಪಸ್ ಕೊಟ್ಟುಬಿಡಿ. ನನ್ನ ಮೊದಲ ಖರೀದಿ ಹೀಗೇ ವಾಪಸ್ ಹೋಯಿತು. ಆ ಹುಡುಗ ಗೊಣಗದೆ ಬೇರೆ ಕೊಟ್ಟ, ಎರಡು ಸಾವಿರದ ಎಂಟುನೂರು ಆಯ್ತು.

ಯುಎಸ್‌ಬಿ 3 ಬೇಕಾ 2 ಸಾಕಾ ಅನ್ನುವ ಜಗಳ ನನಗೆ ನಗು ತರಿಸುತ್ತದೆ. ಮಾಮೂಲಿ ಜಾಯ್‌ಸ್ಟಿಕ್ಕು ಪೆಡಲ್ಲುಗಳು ಸೆಕೆಂಡಿಗೆ 12 ಮೆಗಾಬಿಟ್ಟಿನ ದಾರಿಯಲ್ಲಿ ನಡೆಯುವವು, ಅದರಲ್ಲೂ ಚೂರೇ ಚೂರು ಬಳಸುತ್ತವೆ. ಯುಎಸ್‌ಬಿ 2.0ದ ದಾರಿ 480 ಮೆಗಾಬಿಟ್ಟು, 3.0ರದು 5 ಗಿಗಾಬಿಟ್ಟು. ಪುಣೆ ಎಕ್ಸ್‌ಪ್ರೆಸ್‌ವೇಗೆ ಟೋಲ್ ಕಟ್ಟಿ ಎತ್ತಿನಗಾಡಿ ಹೊಡೆದ ಹಾಗೆ. ತಮಾಷೆ ಏನೆಂದರೆ ಯುಎಸ್‌ಬಿ 3 ಹಬ್ಬಿನ ಒಳಗೆ ಎರಡು ಹಬ್ ಇರುತ್ತವೆ, ವೇಗದ್ದೊಂದು, ಹಳೇ 2.0 ಒಂದು. ನಿಮ್ಮ ಜಾಯ್‌ಸ್ಟಿಕ್ಕು ಹೋಗುವುದು ಹಳೇದರ ಮೂಲಕವೇ. ನಾನು ತಂದದ್ದೂ 3.0 ಹೌದು, ಗಟ್ಟಿ ಅಡಾಪ್ಟರ್ ಅದಕ್ಕೇ ಇತ್ತು ಅಂತ. ವೇಗಕ್ಕೆ ಅಂತ ಒಂದು ಪೈಸೆ ಜಾಸ್ತಿ ಕೊಡಬೇಡಿ. ವೈರ್‌ಲೆಸ್ ಮೌಸಿನ ಗುಂಡಿಯನ್ನಂತೂ ಯುಎಸ್‌ಬಿ 3 ಪೋರ್ಟಿನ ಪಕ್ಕ ಇಡಲೇಬೇಡಿ. ಅದರ ಸದ್ದು 2.4 ಗಿಗಾಹರ್ಟ್ಸಿನ ರೇಡಿಯೋಗೆ ಅಡ್ಡ ಬರುತ್ತದೆ ಅಂತ ಇಂಟೆಲ್ ಕಂಪನಿಯೇ 2012ರಲ್ಲಿ ಬರೆದಿತ್ತು. ಮೌಸ್ ಕುಂಟಿದರೆ ಬ್ಯಾಟರಿ ಬದಲಿಸುತ್ತಾ ಕೂರಬೇಡಿ.

ಇದಕ್ಕೆ ತದ್ವಿರುದ್ಧ ಮಡಿವಂತರೂ ಇದ್ದಾರೆ. ಹಬ್ ಅನ್ನುವುದೇ ಮೈಲಿಗೆ, ಎಲ್ಲವೂ ನೇರ ಮದರ್‌ಬೋರ್ಡಿಗೇ ಹೋಗಬೇಕು ಅನ್ನುವವರು. ಒಪ್ಪುವುದಿಲ್ಲ. ಕೀಬೋರ್ಡು, ಮೌಸು, ಪ್ರಿಂಟರು, ಯುಪಿಎಸ್‌ನ ವೈರು, ವೈಫೈ ಗುಂಡಿ ಆದ ಮೇಲೆ ಉಳಿಯುವುದೆಷ್ಟು? ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ: ವಿಆರ್ ಕನ್ನಡಕ, ಕ್ಯಾಮೆರಾ, ಹೊರಗಿನ ಎಸ್‌ಎಸ್‌ಡಿ ಇವುಗಳನ್ನು ನೇರ ಕಂಪ್ಯೂಟರಿಗೇ ಕೊಡಿ, ಹೊಟ್ಟೆಬಾಕರು ಅವು. ಕಡಿಮೆ ತಿನ್ನುವ ಬಡಪಾಯಿಗಳೆಲ್ಲ ಹಬ್ಬಿಗೆ. ಡೆಸ್ಕ್‌ಟಾಪ್ ಇದ್ದವರು ಒಳಗೆ ಒಂದು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕಿಸಿ ಬೇರೆಯೇ ಯುಎಸ್‌ಬಿ ಕಂಟ್ರೋಲರ್ ಮಾಡಿಕೊಳ್ಳಬಹುದು. “ಯುಎಸ್‌ಬಿ ಕಂಟ್ರೋಲರಿನಲ್ಲಿ ಸಂಪನ್ಮೂಲ ಸಾಲದು” ಅಂತ ವಿಂಡೋಸ್ ಗೋಳಾಡಿದರೆ ಅದೇ ಮದ್ದು, ಎಷ್ಟು ದೊಡ್ಡ ಹಬ್ ತಂದರೂ ಆ ರೋಗ ವಾಸಿಯಾಗುವುದಿಲ್ಲ.

ಹಬ್ ತಂದ ಮೇಲೂ ನನಗೊಂದು ವಾರ ತಲೆನೋವಿತ್ತು, ಅದನ್ನೂ ಹೇಳಬೇಕು. ಹಾರಾಟದ ಮಧ್ಯೆ ಪೆಡಲ್ ಮಾತ್ರ ನಿದ್ದೆ ಹೋಗುತ್ತಿತ್ತು. ಅದು ಹಬ್ಬಿನ ದೋಷ ಅಲ್ಲ, ವಿಂಡೋಸಿನ ಮಿತವ್ಯಯ. ಡಿವೈಸ್ ಮ್ಯಾನೇಜರಿಗೆ ಹೋಗಿ ಪ್ರತಿಯೊಂದು ಯುಎಸ್‌ಬಿ ಹಬ್ಬಿನ ಪವರ್ ಮ್ಯಾನೇಜ್‌ಮೆಂಟಿನಲ್ಲಿ ‘ವಿದ್ಯುತ್ ಉಳಿಸಲು ಇದನ್ನು ಆರಿಸಬಹುದು’ ಅನ್ನುವ ಗುರುತನ್ನು ತೆಗೆದುಬಿಡಿ. ಪವರ್ ಆಪ್ಷನ್ನಿನಲ್ಲಿ ಸೆಲೆಕ್ಟಿವ್ ಸಸ್ಪೆಂಡ್ ಅಂತಿದೆ, ಅದನ್ನೂ ಆರಿಸಿ. ಮತ್ತೊಂದು, ಯಾವ ಬಾಯಿಯಲ್ಲಿ ಯಾವುದಿತ್ತೋ ಅಲ್ಲೇ ಇರಲಿ. ಬಹಳಷ್ಟು ಜಾಯ್‌ಸ್ಟಿಕ್ಕುಗಳಿಗೆ ತಮ್ಮದೇ ಸೀರಿಯಲ್ ನಂಬರ್ ಇರುವುದಿಲ್ಲ, ಬಾಯಿ ಬದಲಾದರೆ ವಿಂಡೋಸ್ ಹೊಸ ನೆಂಟ ಬಂದ ಅಂದುಕೊಳ್ಳುತ್ತದೆ, ನೀವು ರಾತ್ರಿಯೆಲ್ಲ ಕೂತು ಹೊಂದಿಸಿದ ಬಟನ್ನುಗಳು ಅಡ್ಡಾದಿಡ್ಡಿ. ನಾನು ನನ್ನವಳ ನೇಲ್‌ಪಾಲಿಶಿನಲ್ಲಿ ವೈರಿಗೂ ಬಾಯಿಗೂ ಒಂದು, ಎರಡು, ಮೂರು ಅಂತ ಚುಕ್ಕೆ ಇಟ್ಟಿದ್ದೇನೆ. ಏಳನೇ ಬಾಯಿಗೆ ಮೂರು ಚುಕ್ಕೆ ಜಾಸ್ತಿ ಇಟ್ಟು “ಇದು ನಿನ್ನ ಫೋನಿಗೆ” ಅಂತ ಕೊಟ್ಟೆ. ಮಾಡಬಾರದು ಅಂತ ಗೊತ್ತಿದೆ, ಆದರೆ ಅವಳ ಫೋನೂ ಸೇರಿಸಿ ಬೀಳದಿದ್ದರೆ ಮಾತ್ರ ಹಬ್ ಗೆದ್ದ ಹಾಗೆ ಅನ್ನುವುದು ನನ್ನ ಹಟ.

ಹದಿನೈದು ದಿನ ಒಬ್ಬನೇ ಹಾರಿಸಿ ನೋಡಿದೆ. ಬಜ್ಪೆಯಲ್ಲಿ ಮೂವತ್ತು ಮೂವತ್ತೈದು ಸಲ ಇಳಿದಿರಬೇಕು, ಮಳೆಯಲ್ಲಿ, ರಾತ್ರಿಯಲ್ಲಿ, ಎಲ್ಲ ಪ್ಯಾನಲ್ಲಿನ ದೀಪ ಉರಿಸಿ, ಫೋನು ಸಿಕ್ಕಿಸಿ. ಒಂದು ಸಲವೂ ‘ಡುಂಡುಕ್’ ಇಲ್ಲ. ಆಮೇಲೆ ಅಮ್ಮನನ್ನು ಕರೆದೆ. ಬರಲಿಲ್ಲ. ಮುಂದಿನ ಭಾನುವಾರವೂ ಕರೆದೆ. ಅದರ ಮುಂದಿನ ಭಾನುವಾರ ಕರೆಯಲಿಲ್ಲ, ತಾನೇ ಕನ್ನಡಕ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ನಾನು ಮಾತಾಡಲಿಲ್ಲ. ಗುಡ್ಡ ಬಂತು, ತೋಟ ಬಂತು, “ಇದು ಯಾವ ತಿಂಗಳ ಫೋಟೋ? ತೋಟಕ್ಕೆ ನೀರು ಬಿಟ್ಟಿದ್ದಾರಾ ಕಾಣ್ತದಾ?” ಅಂತ ಕೇಳಿದಳು. ಕಾಣುವುದಿಲ್ಲ ಅಂದೆ. ಗಾಲಿ ಇಳಿಸಿದಾಗ ಕುರ್ಚಿಯ ಕೈ ಹಿಡಿದುಕೊಂಡಳು. ಇಳಿಯಿತು. ನಿಲ್ದಾಣದ ಎದುರು ತಂದು ನಿಲ್ಲಿಸಿ ಎಂಜಿನ್ ಆರಿಸುವವರೆಗೂ ಕೈ ಬಿಡಲಿಲ್ಲ.

ಈಗ ಅಮ್ಮನದು ಒಂದೇ ತಕರಾರು. ಹಬ್ಬಿನ ಮೇಲೆ ಒಂದು ನೀಲಿ ದೀಪ ಇದೆ, ಅಡಾಪ್ಟರ್ ಚಾಲೂ ಇರುವಷ್ಟು ಹೊತ್ತೂ ಉರಿಯುತ್ತದೆ, ಮಲಗಿದರೆ ನೇರ ಕಣ್ಣಿಗೇ ಹೊಡೆಯುತ್ತದೆ. ಮೊನ್ನೆ ನೋಡಿದರೆ ಅದರ ಮೇಲೆ ನನ್ನವಳ ಒಂದು ಮರೂನ್ ಬಿಂದಿ ಅಂಟಿಸಿದ್ದಾಳೆ.